ಪರಿಹಾರ ಬರುವಷ್ಟರಲ್ಲಿ ದನ ಸಂತೆಗೆ ಹೋಗಿತ್ತು

ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಸೀಮೆಯಲ್ಲಿ ಕಡ್ಲೆಕಾಯಿ ಹೂಬಿಟ್ಟ ಮೇಲೆ ಮಳೆ ಕೈಕೊಟ್ಟರೆ ಮುಂದಿನದು ರೈತನಿಗೆ ಗೊತ್ತು: ಕಾಳಿಲ್ಲ, ಮೇವೂ ಇಲ್ಲ. ಸರ್ಕಾರಕ್ಕೆ ಅದು ಗೊತ್ತಾಗಬೇಕಾದರೆ ಮಳೆ ಕೊರತೆಯ ಲೆಕ್ಕ, ಮಣ್ಣಿನ ತೇವಾಂಶ, ಉಪಗ್ರಹದ ಚಿತ್ರ, ಹೊಲದ ಸಮೀಕ್ಷೆ ಎಲ್ಲ ಮುಗಿಯಬೇಕು. ಕೇಂದ್ರದ 2016ರ ಬರ ಕೈಪಿಡಿ ಹಾಕಿಕೊಟ್ಟ ದಾರಿ ಅದು.

2023ರ ಬರವನ್ನೇ ನೋಡಿ. ಸೆಪ್ಟೆಂಬರ್‌ನಲ್ಲಿ ಶುರುವಾದ ಘೋಷಣೆ ಕೊನೆಗೆ ರಾಜ್ಯದ 236 ತಾಲ್ಲೂಕುಗಳ ಪೈಕಿ 223ಕ್ಕೆ ಮುಟ್ಟಿತು. ರಾಜ್ಯ ಕೇಂದ್ರವನ್ನು ಕೇಳಿದ್ದು 18 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. 2024ರ ಜನವರಿಯಲ್ಲಿ ರಾಜ್ಯವೇ ಮೊದಲ ಕಂತಾಗಿ ರೈತರಿಗೆ ತಲಾ 2,000 ರೂಪಾಯಿವರೆಗೆ ಕೊಟ್ಟಿತು. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಕೇಂದ್ರ ಸುಮಾರು 3,450 ಕೋಟಿ ಬಿಡುಗಡೆ ಮಾಡಿದಾಗ ಏಪ್ರಿಲ್ ಮುಗಿಯುತ್ತಿತ್ತು. ಬಿತ್ತಿದ್ದು ಹಿಂದಿನ ಮುಂಗಾರಿನಲ್ಲಿ!

ಪಹಣಿಯಲ್ಲಿ ಇಲ್ಲದವರು

ಆ ಬರದಲ್ಲಿ ಮಳೆಯಾಶ್ರಿತ ಬೆಳೆಗಿದ್ದ ಪರಿಹಾರ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರ್‌ವರೆಗೆ ಮಾತ್ರ. ಎಕರೆಗೆ 3,400 ಚಿಲ್ಲರೆ. ಉಳುಮೆ, ಬೀಜ, ಗೊಬ್ಬರ ಕೂಡಿಸಿದರೆ ಬಂಡವಾಳವೂ ಹುಟ್ಟದು. ಆ ಹಣವಾದರೂ ಬರಬೇಕಾದರೆ ಪಹಣಿ, ರೈತರ ನೋಂದಣಿಯ ಫ್ರೂಟ್ಸ್ ಐಡಿ, ಆಧಾರ್, ಬ್ಯಾಂಕ್ ಖಾತೆ ಒಂದಕ್ಕೊಂದು ಹೊಂದಬೇಕು. ತಾತ ತೀರಿಕೊಂಡು ಎಷ್ಟೋ ವರ್ಷವಾದರೂ ಪೌತಿ ಖಾತೆ ಆಗದ ಮನೆಯಲ್ಲಿ ಉಳುವವನು ಮೊಮ್ಮಗ, ಪಹಣಿಯಲ್ಲಿರುವುದು ತಾತ. ಬೇರೆಯವರ ಹೊಲವನ್ನು ವಾರಕ್ಕೆ ಮಾಡುವವರ ಹೆಸರಂತೂ ಎಲ್ಲೂ ಇರುವುದಿಲ್ಲ. ಹಣ ಬಂದ ಮೇಲೂ ಸಾಲದ ಬಾಕಿಗೆ ಹಿಡಿದುಕೊಳ್ಳಬೇಡಿ ಎಂದು ಬ್ಯಾಂಕುಗಳಿಗೆ ಸರ್ಕಾರವೇ ಹೇಳಬೇಕಾಯಿತು.

ಯಾರಿಗೆ ಕೊಡುವುದು?

ಇದನ್ನೆಲ್ಲ ಕಂಡ ಸಿಟ್ಟಿನಲ್ಲೇ ಬೆಂಗಳೂರು ಸೇರಿದ ಈ ಕಡೆಯ ಮಕ್ಕಳು 'ನಾವೇ ಏನಾದರೂ ಕೊಡೋಣ' ಎಂದು ಹೊರಡುತ್ತಾರೆ. ಆಗ ನೋಡಬೇಕಾದದ್ದು, ಹಣ ಕೊಡಬೇಕೆಂದಿರುವ ಸಂಸ್ಥೆ ಬರ ಇಲ್ಲದ ವರ್ಷವೂ ಊರಲ್ಲಿತ್ತೇ ಎಂಬುದು. ಪಾವಗಡದಲ್ಲಿ ಸ್ವಾಮಿ ಜಪಾನಂದರ ರಾಮಕೃಷ್ಣ ಸೇವಾಶ್ರಮ ಕುಷ್ಠ, ಕ್ಷಯ, ಕಣ್ಣಿನ ರೋಗಿಗಳ ಆರೈಕೆಯಲ್ಲಿ ಬೇರೂರಿದ ಸಂಸ್ಥೆ. ಬರಗಾಲದಲ್ಲಿ ಇನ್ಫೊಸಿಸ್ ಪ್ರತಿಷ್ಠಾನದ ನೆರವಿನೊಂದಿಗೆ ಮೇವು ಹಂಚಲು ಅದಕ್ಕೆ ಹೊಸದಾಗಿ ಊರು ಹುಡುಕಬೇಕಾಗಲಿಲ್ಲ.

ದಾನದ ರಸೀದಿ ತೆರಿಗೆ ವಿನಾಯಿತಿಗೆ ಆದೀತು, ಕೆಲಸಕ್ಕೆ ಸಾಕ್ಷಿಯಾಗದು. ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿಯೂ ಸಿಗುವುದಿಲ್ಲ. ಯಾವ ಹಳ್ಳಿಗೆ ಎಷ್ಟು ಟನ್ ಮೇವು ಹೋಯಿತು, ಯಾರು ಪಟ್ಟಿ ಮಾಡಿದರು, ಕುರಿ ಎರಡೇ ಇರುವ ವಿಧವೆಯ ಹೆಸರು ಅದರಲ್ಲಿದೆಯೇ, ಲೆಕ್ಕಪರಿಶೋಧನೆ ಆಗಿದೆಯೇ? ಕೇಳಿ. ಕೇಳಿದ್ದಕ್ಕೆ ಮುನಿಸಿಕೊಳ್ಳುವ ಸಂಸ್ಥೆಯನ್ನು ಬಿಟ್ಟುಬಿಡಿ. ಫೋಟೊಗೆ ನಿಲ್ಲಿಸಿ ಕಿಟ್ ಕೊಡುವವರನ್ನೂ ಅಷ್ಟೆ.

ಕೊಡುವ ಕಾಲವೂ ಮುಖ್ಯ. ಏಪ್ರಿಲ್‌ನಲ್ಲಿ ಸುದ್ದಿ ನೋಡಿ ಕಳಿಸುವ ಹಣಕ್ಕಿಂತ ಡಿಸೆಂಬರ್‌ನಲ್ಲೇ ಕೊಂಡಿಟ್ಟ ರಾಗಿ ಹುಲ್ಲು ಹೆಚ್ಚು ದನ ಉಳಿಸುತ್ತದೆ. ಪೌತಿ ಖಾತೆ, ಆಧಾರ್ ಜೋಡಣೆಗೆ ರೈತರ ಜತೆ ನಾಡಕಚೇರಿಗೆ ಓಡಾಡುವ ಒಬ್ಬ ಹುಡುಗನ ಸಂಬಳ ಕೊಟ್ಟರೂ ಅದು ದಾನವೇ. ಅವನಿಂದ ಹತ್ತು ಮನೆಗೆ ಸರ್ಕಾರದ್ದೇ ದುಡ್ಡು ಬರುತ್ತದೆ. ದಾನ ಎಷ್ಟಾದರೂ ಕೊಡುವವರ ಮರ್ಜಿ, ಪರಿಹಾರ ರೈತನ ಹಕ್ಕು. ಮೊದಲನೆಯದನ್ನು ಕೊಡುತ್ತಲೇ ಎರಡನೆಯದಕ್ಕೆ ತಹಶೀಲ್ದಾರರನ್ನೂ ಶಾಸಕರನ್ನೂ ಬಿಡದೆ ಕೇಳಬೇಕು.