ಗ್ರೀಸ್‌ನ ತವೆರ್ನಾದಲ್ಲಿ ಜೈನರ ಊಟ: ಏನು ಕೇಳಬೇಕು, ಎಷ್ಟು ಹೊತ್ತಿಗೆ ಕೂರಬೇಕು

ಗ್ರೀಸ್ ಪ್ರವಾಸಕ್ಕೆ ಹೊರಟವರು ವೀಸಾ, ವಿಮಾನದ ಟಿಕೆಟ್ ಎಲ್ಲ ಮುಗಿಸಿದ ಮೇಲೆ ಕೊನೆಗೆ ಕೇಳುವ ಪ್ರಶ್ನೆ ಒಂದೇ: ಅಲ್ಲಿ ನಮಗೆ ಊಟ ಸಿಗುತ್ತದೆಯೇ? ಸಿಗುತ್ತದೆ. ಆದರೆ 'ವೆಜಿಟೇರಿಯನ್' ಎಂಬ ಒಂದೇ ಮಾತನ್ನು ನಂಬಿ ಕುಳಿತರೆ ಸಿಗುವುದಿಲ್ಲ. ಇದನ್ನು ನಾವು ಅಥೆನ್ಸ್‌ನಲ್ಲಿ ಮೊದಲ ದಿನವೇ ಕಲಿತೆವು. ಜೊತೆಗಿದ್ದ ನಮ್ಮ ಅತ್ತೆಯವರಿಗೆ ಕಂದಮೂಲ ತ್ಯಾಗವೂ ಇದೆ, ರಾತ್ರಿ ಭೋಜನ ತ್ಯಾಗವೂ ಇದೆ. ಮಾಂಸ, ಮೀನು, ಮೊಟ್ಟೆ ಬೇಡವೆಂದು ಹೇಳಿ 'ಫಾವಾ' ತರಿಸಿದೆವು. ನಮ್ಮ ಗಟ್ಟಿ ತೊವ್ವೆಯನ್ನೇ ಹೋಲುವ ಹಳದಿ ಬೇಳೆಯ ಪದಾರ್ಥ ಅದು. ತಟ್ಟೆ ಬಂದಾಗ ಅದರ ಮೇಲೆ ಹಸಿ ಈರುಳ್ಳಿಯ ರಾಶಿ. ಬದಿಗೆ ಸರಿಸಿ ತಿನ್ನೋಣವೆಂದರೆ ಬೇಳೆಯನ್ನು ಬೇಯಿಸುವಾಗಲೇ ಈರುಳ್ಳಿ ಹಾಕಿದ್ದರು. ತಪ್ಪು ಅವರದಲ್ಲ, ನಾವು ಕೇಳಬೇಕಾದ್ದನ್ನು ಕೇಳಿರಲಿಲ್ಲ.

ತವೆರ್ನಾ ಎಂದರೆ ಆಡಂಬರವಿಲ್ಲದ ಊಟದ ಮನೆ. ಒಳಗೆ ಅಡುಗೆಮನೆ ಮತ್ತು ಕೆಲವು ಮೇಜು. ಹೊರಗೆ ಮರದ ಕೆಳಗೋ, ಓಣಿಯ ಬದಿಯಲ್ಲೋ, ಸಮುದ್ರದ ದಂಡೆಯಲ್ಲೋ ಉಳಿದ ಮೇಜುಗಳು. ಗಾಳಿಗೆ ಹಾರದಂತೆ ಕ್ಲಿಪ್ಪು ಹಾಕಿದ ಕಾಗದದ ಹೊದಿಕೆ, ನೀರು, ಬುಟ್ಟಿಯಲ್ಲಿ ಬ್ರೆಡ್. ಬ್ರೆಡ್ ನಾವು ಕೇಳದೆಯೇ ಬರುತ್ತದೆ, ಬಿಲ್ಲಿಗೂ ಸೇರುತ್ತದೆ. ಹುದುಗು ಹಾಕಿದ್ದನ್ನು ತಿನ್ನದವರು ಬಂದ ಕೂಡಲೇ ಬೇಡವೆಂದು ಹಿಂದಕ್ಕೆ ಕಳಿಸಬಹುದು.

ತವೆರ್ನಾದ ಅಡುಗೆಯಲ್ಲಿ ಎರಡು ಬಗೆ ಇರುವುದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಒಂದು 'ಮಗಿರೆಫ್ತಾ', ಅಂದರೆ ಬೆಳಿಗ್ಗೆಯೇ ದೊಡ್ಡ ತಟ್ಟೆಗಳಲ್ಲಿ ಮಾಡಿಟ್ಟ ಅಡುಗೆ. ಇನ್ನೊಂದು 'ತಿಸ್ ಓರಾಸ್', ಕೇಳಿದ ಮೇಲೆ ಆ ಹೊತ್ತಿಗೆ ಮಾಡಿಕೊಡುವುದು. ಟೊಮೆಟೊ, ದೊಣ್ಣೆಮೆಣಸಿನಕಾಯಿಯೊಳಗೆ ಅನ್ನ ತುಂಬಿದ ಗೆಮಿಸ್ತಾ, ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ದೊಲ್ಮಾದಾಕಿಯಾ, ದೊಡ್ಡ ಬಿಳಿ ಅವರೆಯಂಥ ಕಾಳಿನ ಗಿಗಾಂತೆಸ್, ಎಣ್ಣೆಯಲ್ಲಿ ಬೇಯಿಸಿದ ಬೆಂಡೆಕಾಯಿ, ಹುರುಳಿಕಾಯಿ, ಇವೆಲ್ಲ ಮೊದಲನೆಯ ಬಗೆ. ನೋಡಲು ಶುದ್ಧ ಸಸ್ಯಾಹಾರ. ಆದರೆ ಬಹುಪಾಲು ಎಲ್ಲದರಲ್ಲೂ ಈರುಳ್ಳಿ ಕರಗಿ ಹೋಗಿರುತ್ತದೆ, ಹಲವದರಲ್ಲಿ ಬೆಳ್ಳುಳ್ಳಿ, ಆಲೂಗಡ್ಡೆ, ಕ್ಯಾರೆಟ್ ಕೂಡ. ಬೆಂದ ಮೇಲೆ ತೆಗೆಯುವುದು ಯಾರಿಂದಲೂ ಆಗದ ಕೆಲಸ. ಈರುಳ್ಳಿ ತಿನ್ನುವ ಮನೆಯವರಿಗೆ ಇಲ್ಲಿ ಹಬ್ಬ, ಬಿಟ್ಟವರಿಗೆ ಇಲ್ಲಿ ಏನೂ ಇಲ್ಲ. ನಾವು ನೋಡಬೇಕಾದ್ದು ಎರಡನೆಯ ಬಗೆಯನ್ನು.

ಅದರಲ್ಲಿ ಮೊದಲು ಬರುವುದು ಹೋರಿಯಾತಿಕಿ, ಹಳ್ಳಿಯ ಸಲಾಡ್. ಟೊಮೆಟೊ, ಸೌತೆಕಾಯಿ, ದೊಣ್ಣೆಮೆಣಸಿನಕಾಯಿ, ಆಲಿವ್, ಈರುಳ್ಳಿ. ಮೇಲೆ ಫೆಟಾ ಚೀಸಿನ ಒಂದು ತುಂಡು, ಆಲಿವ್ ಎಣ್ಣೆ. ಇದನ್ನು ಆಗಲೇ ಹೆಚ್ಚಿ ಕೊಡುವುದರಿಂದ 'ಹೋರೀಸ್ ಕ್ರೆಮೀದಿ' ಎಂದರೆ ಸಾಕು, ಈರುಳ್ಳಿ ಹಾಕುವುದಿಲ್ಲ. 'ಹೋರೀಸ್' ಎಂದರೆ 'ಇಲ್ಲದೆ'. ಬೆಳ್ಳುಳ್ಳಿಗೆ 'ಸ್ಕೋರ್ದೊ', ಮೊಟ್ಟೆಗೆ 'ಅವ್ಗೊ', ಜೇನಿಗೆ 'ಮೇಲಿ'. ಈ ನಾಲ್ಕೈದು ಮಾತುಗಳನ್ನು ಗ್ರೀಕ್ ಲಿಪಿಯಲ್ಲಿ ಚೀಟಿಯ ಮೇಲೆ ಬರೆಸಿಕೊಂಡು ತೋರಿಸುವುದು ಇನ್ನೂ ಒಳ್ಳೆಯದು. ನಮ್ಮ ಹೋಟೆಲಿನ ಹುಡುಗಿ ಬರೆದುಕೊಟ್ಟ ಚೀಟಿ ಹತ್ತು ದಿನವೂ ಅತ್ತೆಯವರ ಕೈಚೀಲದಲ್ಲೇ ಇತ್ತು.

ಫೆಟಾದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2002ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಈ ಹೆಸರು ಗ್ರೀಸ್‌ನ ಚೀಸಿಗೆ ಮಾತ್ರ ಮೀಸಲು. ಕನಿಷ್ಠ 70 ಶೇಕಡಾ ಕುರಿಯ ಹಾಲು, ಉಳಿದದ್ದು ಆಡಿನ ಹಾಲು. ಹಾಲಿನ ಪದಾರ್ಥ ತಾನೇ ಎಂದು ನಮ್ಮಲ್ಲಿ ಬಹಳ ಜನ ತಿಂದುಬಿಡುತ್ತಾರೆ. ಆದರೆ ಹಾಲನ್ನು ಒಡೆಸಲು ಸಾಂಪ್ರದಾಯಿಕವಾಗಿ ಬಳಸುವುದು ಕುರಿಮರಿ, ಆಡಿನ ಮರಿಗಳ ಹೊಟ್ಟೆಯಿಂದ ತೆಗೆದ ರೆನೆಟ್. ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಬಳಸುವವರೂ ಇದ್ದಾರೆ. ಮೇಜಿನ ಮೇಲಿನ ತುಂಡು ಯಾವುದೆಂದು ಬಡಿಸುವವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ಕಟ್ಟುನಿಟ್ಟಾಗಿ ಪಾಲಿಸುವವರು ಫೆಟಾವನ್ನೂ ಬಿಡುವುದೇ ಕ್ಷೇಮ. ಮೊಸರು ಬೇಕಾದವರು ಗಟ್ಟಿ ಮೊಸರನ್ನು ಜೇನಿಲ್ಲದೆ ಕೇಳಬಹುದು. ಜಾಜಿಕಿ ಎಂಬುದು ನಮ್ಮ ಸೌತೆಕಾಯಿ ಮೊಸರುಬಜ್ಜಿಯಂತೆಯೇ ಕಾಣುತ್ತದೆ, ಆದರೆ ಬೆಳ್ಳುಳ್ಳಿ ಇಲ್ಲದೆ ಅದನ್ನು ಮಾಡುವುದಿಲ್ಲ.

ನನ್ನ ಮಟ್ಟಿಗೆ ಅಲ್ಲಿನ ಅತ್ಯುತ್ತಮ ಜೈನ ಊಟವೆಂದರೆ 'ಹೋರ್ತಾ'. ಸೊಪ್ಪನ್ನು ನೀರಿನಲ್ಲಿ ಬೇಯಿಸಿ, ಬಸಿದು, ಆಲಿವ್ ಎಣ್ಣೆ ಮತ್ತು ನಿಂಬೆರಸ ಹಿಂಡಿ ಕೊಡುತ್ತಾರೆ. ಈರುಳ್ಳಿಯ ಮಾತೇ ಇಲ್ಲ. ಬೇಸಿಗೆಯಲ್ಲಿ ಸಿಗುವುದು 'ವ್ಲಿತಾ'. ಮೊದಲ ತುತ್ತಿಗೇ ಅತ್ತೆಯವರು, "ಅಲ್ಲಮ್ಮ, ಇದು ನಮ್ಮ ಹರಿವೆ ಸೊಪ್ಪಲ್ಲವಾ?" ಎಂದರು. ಹೌದು, ಹರಿವೆಯ ಜಾತಿಯದೇ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವ ಮನೆಯವರಿಗೆ ಮಾತ್ರ ಇದೂ ಇಲ್ಲ. ಆ ತಿಂಗಳುಗಳಲ್ಲಿ ಊರಿನಿಂದ ತಂದ ಖಡಕ್ ರೊಟ್ಟಿ, ಚಟ್ನಿಪುಡಿಯೇ ಗತಿ. ನಿಯಮದ ವಿಷಯವನ್ನು ಮೊದಲೇ ಹೇಳಿ ಅನುಮತಿ ಕೇಳಿದರೆ ಸಲಾಡಿನ ಜೊತೆ ಅದನ್ನು ತಿನ್ನಲು ಸಣ್ಣ ತವೆರ್ನಾಗಳಲ್ಲಿ ಯಾರೂ ನಮಗೆ ಬೇಡವೆನ್ನಲಿಲ್ಲ.

ತೆಳ್ಳಗೆ ಹೆಚ್ಚಿ ಕರಿದ ಜುಕಿನಿ ಬಜ್ಜಿಯಂತೆ ರುಚಿ. ಆದರೆ ಅದೇ ಬಾಣಲೆಯಲ್ಲಿ ಸ್ಕ್ವಿಡ್ ಕರಿದಿರುತ್ತಾರೆ. ಸುಟ್ಟ ತರಕಾರಿ, ಬಿಸಿ ಮಾಡಿದ ಪೀತಾ ರೊಟ್ಟಿಗಳೂ ಹಾಗೆಯೇ; ಮಾಂಸ ಸುಡುವ ಕಂಬಿಯ ಮೇಲೆಯೇ ಅವನ್ನೂ ಇಡುತ್ತಾರೆ. ಕೇಳದೆ ತಿನ್ನಬೇಡಿ.

ಇನ್ನೊಂದು ಮಾತು ನಮ್ಮವರನ್ನು ದಾರಿ ತಪ್ಪಿಸುತ್ತದೆ. ಗ್ರೀಸ್‌ನ ಆರ್ಥೊಡಾಕ್ಸ್ ಕ್ರೈಸ್ತರಲ್ಲಿ ಉಪವಾಸದ ಕಾಲಗಳು ಬಹಳ: ಈಸ್ಟರ್‌ಗೆ ಮುಂಚಿನ ವಾರಗಳು, ಆಗಸ್ಟ್ 1ರಿಂದ 14ರವರೆಗೆ, ಜೊತೆಗೆ ವರ್ಷದ ಬಹುತೇಕ ಬುಧವಾರ, ಶುಕ್ರವಾರಗಳು. ಆಗ ತಿನ್ನುವ ಅಡುಗೆಗೆ 'ನಿಸ್ತಿಸಿಮಾ' ಎನ್ನುತ್ತಾರೆ. ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ ಎಂದು ಕೇಳಿದರೆ ನಮಗೆ ಹೇಳಿ ಮಾಡಿಸಿದಂತೆ ತೋರುತ್ತದೆ. ಆದರೆ ರಕ್ತವಿಲ್ಲದ ಜೀವಿಗಳೆಂದು ಆಕ್ಟೋಪಸ್, ಸ್ಕ್ವಿಡ್, ಸಿಗಡಿ, ಚಿಪ್ಪುಮೀನುಗಳಿಗೆ ಆ ಉಪವಾಸದಲ್ಲಿ ವಿನಾಯಿತಿ ಇದೆ. ತಿಳಿಗುಲಾಬಿ ಬಣ್ಣದ ಚಟ್ನಿಯಂತೆ ಬರುವ ತರಮೊಸಲಾತಾ ಮಾಡುವುದು ಮೀನಿನ ತತ್ತಿಯಿಂದ. ದ್ವೀಪಗಳ ದಂಡೆಯ ತವೆರ್ನಾಗಳಲ್ಲಿ ಆಕ್ಟೋಪಸ್‌ಗಳನ್ನು ಹಗ್ಗಕ್ಕೆ ನೇತುಹಾಕಿ ಬಿಸಿಲಿಗೆ ಒಣಗಿಸುತ್ತಾರೆ. ಮಕ್ಕಳೊಂದಿಗೆ ಹೋದವರು ಆ ಕಡೆಗೆ ಬೆನ್ನು ಮಾಡಿದ ಮೇಜು ಹುಡುಕುವುದು ಒಳಿತು. ನಮ್ಮ ಮಗಳು ಆ ದಿನ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಈಗ ಹೊತ್ತಿನ ವಿಚಾರ. ಗ್ರೀಕರು ರಾತ್ರಿ ಊಟಕ್ಕೆ ಹೊರಡುವುದೇ ಒಂಬತ್ತರ ನಂತರ. ಇದನ್ನು ಕೇಳಿ ಹಿರಿಯರು ಗಾಬರಿಯಾಗಬೇಕಿಲ್ಲ. ಜೂನ್ ಕೊನೆಯಲ್ಲಿ ಅಥೆನ್ಸ್‌ನಲ್ಲಿ ಸೂರ್ಯ ಮುಳುಗುವುದು ಸುಮಾರು 8:50ಕ್ಕೆ. ಸೂರ್ಯಾಸ್ತಕ್ಕೆ ಎರಡು ಗಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವವರಿಗೂ ಎಂಟರವರೆಗೆ ಸಮಯವಿದೆ. ಆರೂವರೆಗೆ ಹೋದರೆ ಹೊರಗಿನ ಮೇಜುಗಳೆಲ್ಲ ಖಾಲಿ, ಅಡುಗೆಯವರಿಗೂ ನಮ್ಮ ಮಾತು ಕೇಳಲು ಬಿಡುವು. ಒಳಗೆ ಕರೆದು ಪಾತ್ರೆ ತೆರೆದು ತೋರಿಸುವ ಹಳೆಯ ಪದ್ಧತಿ ಕೆಲವು ಕಡೆ ಇನ್ನೂ ಉಳಿದಿದೆ. ನೀವೇ ಕೇಳಿದರೂ ತಪ್ಪು ತಿಳಿಯುವುದಿಲ್ಲ. ಹೊರಗೆ ಕುಳಿತರೆ ಹೊತ್ತು ಎಷ್ಟಾಯಿತೆಂದು ಗಡಿಯಾರ ನೋಡುವ ಅಗತ್ಯವೂ ಇಲ್ಲ. ಕತ್ತಲಾದ ಮೇಲೆ ಅದೇ ಮೇಜಿನ ದೀಪಕ್ಕೆ ಹುಳುಗಳು ಮುತ್ತುವುದನ್ನು ನೋಡಿದರೆ ನಿಯಮ ಏಕೆಂದು ಮಕ್ಕಳಿಗೆ ಬೇರೆ ವಿವರಿಸಬೇಕಾಗಿಲ್ಲ. ಡಿಸೆಂಬರಿನಲ್ಲಿ ಮಾತ್ರ ಐದೂಕಾಲರ ಒಳಗೇ ಸೂರ್ಯಾಸ್ತ. ಆಗ ಗ್ರೀಕರ ಮಧ್ಯಾಹ್ನದ ಊಟದ ಹೊತ್ತು, ಎರಡರಿಂದ ನಾಲ್ಕು, ನಮ್ಮ ಸಂಜೆಯ ಊಟಕ್ಕೆ ಸರಿಹೋಗುತ್ತದೆ.

ಕೊನೆಗೆ ಸಿಹಿ. ಬಕ್ಲಾವಾದಲ್ಲಿ ಜೇನು ಇರಬಹುದು. ರವೆಯ ಹಲ್ವಾ ಇದ್ದರೆ ಕೇಳಿ. ಎಣ್ಣೆಯಲ್ಲಿ ಹುರಿದ ರವೆಗೆ ಸಕ್ಕರೆ ಪಾಕ, ದಾಲ್ಚಿನ್ನಿ ಹಾಕಿ ಮಾಡುವ ಅದು ನಮ್ಮ ಸಜ್ಜಿಗೆಯ ಹತ್ತಿರದ ಸಂಬಂಧಿ. ಬೇಸಿಗೆಯಲ್ಲಿ ಎಷ್ಟೋ ಕಡೆ ಊಟ ಮುಗಿದ ಮೇಲೆ ಕಲ್ಲಂಗಡಿ ಹೋಳುಗಳನ್ನು ದುಡ್ಡಿಲ್ಲದೆ ತಂದಿಡುತ್ತಾರೆ. ಆಗಸ್ಟಿನಲ್ಲಿ ಅದರ ಪಕ್ಕದಲ್ಲಿ ಅಂಜೂರವೂ ಇರಬಹುದು. ಅಷ್ಟಮೂಲಗುಣಗಳಲ್ಲಿ ಐದು ಉದುಂಬರ ಫಲಗಳ ತ್ಯಾಗ ಮಾಡಿದವರು ಅದನ್ನು ಹಾಗೆಯೇ ಬಿಟ್ಟು, ಕಲ್ಲಂಗಡಿಯಷ್ಟನ್ನು ಬೆಳಕಿರುವಾಗಲೇ ತಿಂದು ಏಳಬಹುದು.