ಹನ್ನೊಂದು ಸಾವಿರ ಸೀರೆಗಳ ಲೆಕ್ಕ

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ 1948ರ ಫೆಬ್ರುವರಿ 24ರಂದು ಹುಟ್ಟಿದ ಜಯಲಲಿತಾ ಮುಂದೆ ತಮಿಳುನಾಡಿನ ಮುಖ್ಯಮಂತ್ರಿಯಾದರು, ತಿಂಗಳಿಗೆ 1 ರೂಪಾಯಿ ಸಂಬಳ ಸಾಕೆಂದರು. 1996ರ ಡಿಸೆಂಬರಿನಲ್ಲಿ ಚೆನ್ನೈನ ಅವರ ಮನೆಯಲ್ಲಿ ಶೋಧ ನಡೆದಾಗ ಜಪ್ತಿ ಪಟ್ಟಿಗೆ ಸೇರಿದ ಸೀರೆಗಳು 11,344. ಚಪ್ಪಲಿ 750 ಜೊತೆ, ಕೈಗಡಿಯಾರ 91.

ಸೀರೆಯೊಂದಕ್ಕೆ ಐದೂವರೆ ಮೀಟರ್ ಅಂತಿಟ್ಟುಕೊಳ್ಳಿ. ಸೆರಗಿಗೆ ಸೆರಗು ಸೇರಿಸಿ ಮೈಸೂರಿನಿಂದ ಹಾಸುತ್ತ ಬಂದರೆ ಶ್ರೀರಂಗಪಟ್ಟಣ, ಪಾಂಡವಪುರ ದಾಟಿ, ಸುಮಾರು 50 ಕಿ.ಮೀ. ದೂರದ ಮೇಲುಕೋಟೆ ಮುಟ್ಟಿದ ಮೇಲೂ ಹತ್ತು ಕಿ.ಮೀ.ಗೂ ಹೆಚ್ಚು ಸೀರೆ ಉಳಿಯುತ್ತದೆ. ನಾಗಮಂಗಲದ ದಾರಿ ಹಿಡಿಯಬಹುದು!

ಶ್ರೀರಂಗಪಟ್ಟಣ, ಪಾಂಡವಪುರದ ಈ ದಾರಿಯಲ್ಲೇ ವರ್ಷಕ್ಕೊಮ್ಮೆ ಮೇಲುಕೋಟೆಯ ದೇವರು ಚೆಲುವನಾರಾಯಣನ ವೈರಮುಡಿ ಕಿರೀಟ ಬರುವುದು. ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಹೊರಟ ಪೆಟ್ಟಿಗೆಗೆ ಊರೂರಲ್ಲಿ ಪೂಜೆ. ಕಿರೀಟ ಒಂದು ರಾತ್ರಿ ಚೆಲುವನಾರಾಯಣನ ಮುಡಿಗೇರಿ ಮತ್ತೆ ಖಜಾನೆಗೆ ಮರಳುತ್ತದೆ. ನಮ್ಮ ಕಡೆಯವರಿಗೆ ಖಜಾನೆಯೆಂದರೆ ದೇವರ ಒಡವೆ ಇರುವ ಜಾಗ. ಜಯಲಲಿತಾರ ಒಡವೆ ಬೆಂಗಳೂರಿನ ಖಜಾನೆ ಸೇರಿದ್ದು ಆದಾಯ ಮೀರಿದ ಆಸ್ತಿಯ ಮೊಕದ್ದಮೆಯ ಸಾಕ್ಷ್ಯವಾಗಿ.

2003ರಲ್ಲಿ ಸುಪ್ರೀಂ ಕೋರ್ಟ್ ಆ ಮೊಕದ್ದಮೆಯನ್ನು ಬೆಂಗಳೂರಿಗೆ ವರ್ಗಾಯಿಸಿತ್ತು. 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹ, 53.60 ಕೋಟಿ ರೂಪಾಯಿ ಆಸ್ತಿ ಆದಾಯಕ್ಕೆ ಮೀರಿದ್ದೆಂದು ತೀರ್ಪಿತ್ತು ಜಯಲಲಿತಾಗೆ 100 ಕೋಟಿ ದಂಡ ಹಾಕಿದರು. 2015ರಲ್ಲಿ ಹೈಕೋರ್ಟಿನಲ್ಲಿ ಖುಲಾಸೆ, 2016ರಲ್ಲಿ ಅವರ ಮರಣ. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್, ತೀರಿಕೊಂಡವರ ಮೇಲಿನ ಪ್ರಕರಣ ಕೈಬಿಟ್ಟು ಅವರೊಂದಿಗೆ ಆರೋಪಿಗಳಾಗಿದ್ದ ಉಳಿದ ಮೂವರ ಶಿಕ್ಷೆ ಎತ್ತಿಹಿಡಿಯಿತು. ಸರಿಯಾಗಿ ಎಂಟು ವರ್ಷದ ಮೇಲೆ, 2025ರ ಫೆಬ್ರುವರಿ 14 ಮತ್ತು 15ರಂದು, 27 ಕೆ.ಜಿ. ಚಿನ್ನದ ಒಡವೆಗಳೂ 1,526 ಎಕರೆ ಜಮೀನಿನ ಪತ್ರಗಳೂ ಬೆಂಗಳೂರಿನಿಂದ ತಮಿಳುನಾಡು ಸರ್ಕಾರದ ಕೈಸೇರಿದವು. ಮನೆಗೆರಡು ಎಕರೆಯಂತೆ ಹಂಚಿದರೆ 763 ರೈತ ಕುಟುಂಬ ಬಾಳುವಷ್ಟು ನೆಲ ಅದು.

ನನ್ನನ್ನು ಬೆಚ್ಚಿಬೀಳಿಸಿದ್ದು ಕಾಲದ ಲೆಕ್ಕ. ಶೋಧ ನಡೆದಂದಿನಿಂದ ದಿನಕ್ಕೊಂದು ಹೊಸ ಸೀರೆ ಉಟ್ಟಿದ್ದರೂ, ಒಡವೆ ಹಸ್ತಾಂತರವಾದ ದಿನಕ್ಕೆ ಸಾವಿರಕ್ಕೂ ಹೆಚ್ಚು ಸೀರೆ ಉಡದೇ ಉಳಿದಿರುತ್ತಿದ್ದವು. ಚಿನ್ನ ಇಟ್ಟಷ್ಟೂ ಬೆಲೆ ಏರುತ್ತದೆ. ರೇಷ್ಮೆ ಹಾಗಲ್ಲ. ಮಡಿಕೆ ಬಿಚ್ಚದೆ ವರ್ಷಗಟ್ಟಲೆ ಇಟ್ಟ ಸೀರೆ ಮಡಿಕೆಯಲ್ಲೇ ಸೀಳುತ್ತದೆ, ಜರಿ ಕಪ್ಪಾಗುತ್ತದೆ.

ಹಾಗಾಗಿ ಮಾಲಿನಲ್ಲಿ ಕೆಡುವಂಥದ್ದನ್ನು ಕೋರ್ಟಿನ ಅಪ್ಪಣೆ ಪಡೆದು ಜಪ್ತಿಯಾದ ವರ್ಷವೇ ಹರಾಜು ಹಾಕಿ, ಹಣವನ್ನು ಠೇವಣಿ ಇಡಿ. ತೀರ್ಪು ಯಾರ ಕಡೆಗಾದರೂ ಬರಲಿ, ಕೊಡಲು ಹಣವಾದರೂ ಇರುತ್ತದೆ.