ಎರಡು ಹೆಸರಿನ ಪೇಟೆ

ಹಾರಂಗಿ ಅಣೆಕಟ್ಟು ನೋಡಿ ಕುಶಾಲನಗರಕ್ಕೆ ಹಿಂತಿರುಗುವಾಗ ಕೆಂಪು ಉಡುಗೆಯ ತರುಣ ಭಿಕ್ಷುಗಳನ್ನು ನೀವು ಕಂಡಿರಬಹುದು. ನದಿಯಾಚೆ ಬೈಲುಕುಪ್ಪೆಯ ಮಠಗಳ ವಿದ್ಯಾರ್ಥಿಗಳು ಇವರು. ಟಿಬೆಟಿನವರಲ್ಲದೆ ಭೂತಾನ್, ನೇಪಾಳದವರೂ ಇದ್ದಾರೆ. 1961ರಲ್ಲಿ ಇಲ್ಲಿ ನೆಲೆ ಪಡೆದ ನಿರಾಶ್ರಿತರು ಕಾಡು ಕಡಿದು, ಸೆಖೆ ಸಹಿಸಿ ಜೋಳ ಬೆಳೆದರು. ಇಂದಿನ ನಾಮ್‌ಡ್ರೋಲಿಂಗ್ ಮಠ 1963ರಲ್ಲಿ ಬಿದಿರಿನ ಗುಡಿಯಾಗಿತ್ತೆಂದರೆ ನಂಬುವುದು ಕಷ್ಟ!

ಇವರು ಸಾಮಾನು ಕೊಳ್ಳಲು ಬರುವ ಕುಶಾಲನಗರಕ್ಕೆ ಬ್ರಿಟಿಷರ ಕಾಲದಲ್ಲಿ ಫ್ರೇಸರ್‌ಪೇಟೆ ಎಂದು ಹೆಸರು. 1834ರಲ್ಲಿ ಕಂಪನಿ ಕೊಡಗನ್ನು ವಶಪಡಿಸಿಕೊಂಡಾಗ ಅಧಿಕಾರ ವಹಿಸಿದ ಕರ್ನಲ್ ಫ್ರೇಸರನ ನೆನಪು ಅದು. ಪದಚ್ಯುತನಾದ ಚಿಕ್ಕವೀರರಾಜೇಂದ್ರನನ್ನು ಕಾಶಿಗೆ ಸಾಗಿಸಿದರು. ಕೊನೆಗೆ ಲಂಡನ್ನಿನಲ್ಲಿ ತೀರಿಕೊಂಡ ಆ ಅರಸ ಮತ್ತೆ ಕೊಡಗನ್ನು ಕಾಣಲಿಲ್ಲ.

ಬಸ್ ನಿಲ್ದಾಣದಲ್ಲಿ ಯಾರಾದರೂ ವಿದ್ಯಾರ್ಥಿ ಸಿಕ್ಕರೆ ಈ ಕಥೆ ಹೇಳಿ ನೋಡಿ. ಹೆಚ್ಚು ವಿವರಿಸಬೇಕಾಗಲಾರದು.